ಪ್ರೊಸೆಸರ್ ಆಮ್ಯಾಲ ನೋಡೂಣು, ಮೊದ್ಲ ಗ್ವಾಡಿ ಮ್ಯಾಲಿನ ಸಾಕೆಟ್ ನೋಡ್ರಿ

ನನಗ ಕಂಪ್ಯೂಟರ್ ಕಟ್ಟೋ ಹುಚ್ಚು ಅದ ಅಂತ ಓಣ್ಯಾಗ ಗೊತ್ತಾದಾಗಿಂದ ಹುಡುಗ್ರು ಬಂದು ಕೇಳೋದು ಒಂದೇ, "ಅಣ್ಣ, ಐ5 ತಗೊಳ್ಳಲೊ ರೈಜನ್ ತಗೊಳ್ಳಲೊ?" ಅಂದ್ರ ಕಂಪ್ಯೂಟರಿನ ಮಿದುಳು ಅನ್ನೋ ಪ್ರೊಸೆಸರ್ ಇಂಟೆಲ್ ಕಂಪನಿದು ತಗೊಳ್ಳಲೊ ಎಎಂಡಿ ಕಂಪನಿದು ತಗೊಳ್ಳಲೊ ಅಂತ. ನಾನು ತಿರುಗಿ ಕೇಳೋದೂ ಒಂದೇ, "ನಿಮ್ಮ ಮನ್ಯಾಗ ಅರ್ಥಿಂಗ್ ಬರೋಬರಿ ಅದ ಏನಪಾ?" ಅವಾಗ ಅವ್ರ ಮಾರಿ ನೋಡ್ಬೇಕು ನೀವು. ಆದ್ರ ರಾಯಚೂರಾಗ ಕುಂತು ಹಾರ್ಡ್‌ವೇರ್ ಕಲ್ತವ ಯಾರೇ ಆಗ್ಲಿ ಕಡೀಗೆ ಬಂದು ನಿಲ್ಲೋದು ಅಲ್ಲೇ ರೀ. ಯೂಟ್ಯೂಬಿನ್ಯಾಗ ಹೇಳೋದೆಲ್ಲ ಖರೆನೇ ಅದ, ಸುಳ್ಳೇನಲ್ಲ, ಆದ್ರ ಅವ್ರ ವಿಡಿಯೋ ಶುರು ಆಗೋದೇ ಎಸಿ ರೂಮಿನ್ಯಾಗ, ಕರೆಂಟು ಸರಿ ಇದ್ದಲ್ಲಿ. ನಮ್ದು ಅದಕ್ಕಿಂತ ನಾಕು ಹೆಜ್ಜಿ ಹಿಂದಿನಿಂದ ಶುರು ಆಗ್ತದ.

ನಾನು ಎಂಜಿನಿಯರ್ ಅಲ್ಲ, ಮೊದ್ಲ ಹೇಳಿಬಿಡ್ತೀನಿ. ಬಿಕಾಂ ಮುಗಿಸಿ ರಾಜೇಂದ್ರ ಗಂಜಿನ್ಯಾಗ ಒಂದು ಅಡತಿ ಅಂಗಡ್ಯಾಗ ಲೆಕ್ಕ ಬರಿಯೋ ಕೆಲಸ, ಹತ್ತಿ ಸೀಜನ್ನಿಗೆ ಹತ್ತಿ, ಆಮ್ಯಾಲ ಭತ್ತ, ತೊಗರಿ, ಮುಂಜಾನಿಂದ ಸಂಜಿತನ ಟ್ಯಾಲಿ ಮುಂದ ಕುಂದ್ರೋದು. ಅಂಗಡಿ ಕಂಪ್ಯೂಟರ್ ಆಗಾಗ ಕಪ್ಪು ಸ್ಕ್ರೀನ್ ತೋರಿಸಿ ಬೀಪ್ ಬೀಪ್ ಅಂತ ಒದರ್ತಿತ್ತು, ರಿಪೇರಿಯವ ಬಂದು ಸೈಡಿನ ಡೋರ್ ಬಿಚ್ಚಿ ರ್‍ಯಾಮ್ ಅನ್ನೋ ಮೆಮೊರಿ ಪಟ್ಟಿ ಕಿತ್ತಿ, ಸಾಲಿ ಹುಡುಗ್ರು ಪೆನ್ಸಿಲ್ ಅಳಸ್ತಾರಲ್ಲ ಆ ರಬ್ಬರಿನಿಂದ ತಿಕ್ಕಿ, ವಾಪಸ್ ಹಾಕಿ, ರೊಕ್ಕ ಎಣಿಸಿಕೊಂಡು ಹೋಗ್ತಿದ್ದ. ಸಾವ್ಕಾರ್ರಿಗೆ ರೊಕ್ಕದ ಸಂಕಟ, ನನಗ ರಬ್ಬರಿನ ಸಂಕಟ. ಇದು ಹೆಂಗ ನಡಿತದ? ಹುಡುಕಿ ಓದಿದಾಗ ಗೊತ್ತಾಗಿದ್ದು, ಆ ರ್‍ಯಾಮ್ ಪಟ್ಟಿ ಕೆಳಗ 240 ಸಣ್ಣ ಸಣ್ಣ ಬಂಗಾರದ ಲೇಪದ ಕಾಂಟ್ಯಾಕ್ಟ್ ಇರ್ತಾವ, ಅದ್ರ ಮ್ಯಾಲ ಧೂಳು, ಪಸಿ, ಬೆವರು ಕೂಡಿ ಕಣ್ಣಿಗೆ ಕಾಣಲಾರದಂಥ ಒಂದು ಪದರ ಕುಂದರ್ತದ, ಒಂದೇ ಒಂದು ಕಾಂಟ್ಯಾಕ್ಟ್ ಸರಿ ಕೂಡ್ಲಿಲ್ಲ ಅಂದ್ರ ಎಲ್ಲಾ ಭಾಗ ಕೂಡಿರೋ ಮದರ್‌ಬೋರ್ಡು ಚಾಲೂ ಆಗೋ ಮುಂದ ತನ್ನ ಪರೀಕ್ಷಾದಾಗ ರ್‍ಯಾಮ್ ಫೇಲ್ ಅಂತ ತೀರ್ಮಾನ ಮಾಡ್ತದ, ಅವಾಗ ಇನ್ನಾ ಸ್ಕ್ರೀನೇ ಹುಟ್ಟಿರಂಗಿಲ್ಲ, ಹಂಗಾಗಿ ಹೇಳ್ಲಿಕ್ಕೆ ಇರೋದು ಬೀಪ್ ಒಂದೇ. ರಬ್ಬರು ಆ ಪದರ ಕಿತ್ತಿಹಾಕ್ತದ. ಮೆತ್ತನ ರಬ್ಬರೇ ಬೇಕು ಮತ್ತ, ಇಂಕ್ ಅಳಸೋ ಖರಕು ರಬ್ಬರು ಹಚ್ಚಿದ್ರ ಬಂಗಾರನೂ ಹೋಗ್ತದ.

ಅಷ್ಟೇ ನೋಡ್ರಿ. ಒಂದು ಪ್ರಶ್ನೆಗೆ ಉತ್ರ ಸಿಕ್ಕಿದ್ದ ಇನ್ನೊಂದು ಹತ್ತು ಪ್ರಶ್ನೆ ಹುಟ್ಟಿದ್ವು.

ನನ್ನ ಪುಣ್ಯಾಕ್ಕ 2017ರ ಜುಲೈಯಾಗ ಜಿಎಸ್‌ಟಿ ಬಂತು. ಹೊಸ ಟ್ಯಾಲಿ ಬೇಕು, ಆನ್‌ಲೈನ್ ರಿಟರ್ನ್ ಹಾಕ್ಬೇಕು ಅಂತ ಗಂಜಿನ್ಯಾಗ ಒಬ್ರ ಹಿಂದ ಒಬ್ರು ಹೊಸ ಕಂಪ್ಯೂಟರ್ ತಂದ್ರು, ಹಳೇವು ಗುಜರಿಗೆ ಹೋಗೋ ಮುಂದ ನಾನು ಕೈ ಅಡ್ಡ ಹಾಕಿದೆ. ಎಲ್ಲಾ ಒಂದೇ ನಮೂನಿ, 775 ಸಾಕೆಟ್ಟು, ಅಂದ್ರ ಪ್ರೊಸೆಸರ್ ಕುಂದ್ರೋ ಗೂಡು, ಜಿ31 ಇಲ್ಲಾ ಜಿ41 ಬೋರ್ಡು, ಒಳಗ ಡ್ಯುಯಲ್ ಕೋರ್ ಅಥವಾ ಕೋರ್ 2 ಡ್ಯುಯೋ ಪ್ರೊಸೆಸರ್. ಮನ್ಯಾಗ ಅವ್ವ ಅಂತೂ "ಗುಜರಿ ಅಂಗಡಿ ಇಟ್ಟಿ ಏನಪಾ" ಅಂತ ಕೇಳೇ ಬಿಟ್ಲು. ಆದ್ರ ಕಲಿಯೋರಿಗೆ ಅದಕ್ಕಿಂತ ಚಲೋ ಸಾಲಿ ಇಲ್ಲ ಅಂತ ಈಗ್ಲೂ ಅಂತೀನಿ. ಯಾಕಂದ್ರ ಆ ಕಾಲದ ಬೋರ್ಡಿನ್ಯಾಗ ಎಲ್ಲಾ ಬ್ಯಾರೆ ಬ್ಯಾರೆ ಕಾಣ್ತಾವ. ಪ್ರೊಸೆಸರ್ ಒಂದು ಕಡೆ, ಅದ್ರ ಪಕ್ಕ ನಾರ್ತ್‌ಬ್ರಿಡ್ಜ್ ಅನ್ನೋ ದೊಡ್ಡ ಚಿಪ್ಪು, ರ್‍ಯಾಮ್ ಜೊತಿ ಮಾತಾಡೋದೆಲ್ಲ ಅದ್ರ ಕೆಲಸ, ಕೆಳಗ ಸೌತ್‌ಬ್ರಿಡ್ಜ್, ಹಾರ್ಡ್ ಡಿಸ್ಕ್ ಯುಎಸ್‌ಬಿ ಎಲ್ಲ ಅದ್ರ ಪಾಲು. ಬೋರ್ಡನ್ನ ಬೆಳಕಿಗೆ ಹಿಡಿದ್ರ ತಾಮ್ರದ ಗೆರಿ ಎಲ್ಲಿಂದ ಎಲ್ಲಿಗೆ ಹೋಗ್ತದ ಅಂತ ಬೆರಳು ಇಟ್ಟು ಹೇಳ್ಬೋದು. 2008ರ ಸುಮಾರಿಗೆ ಇಂಟೆಲ್‌ನವ್ರು ರ್‍ಯಾಮ್ ಕಂಟ್ರೋಲರನ್ನ ಪ್ರೊಸೆಸರ್ ಒಳಗ ತಂದ್ರು, ಎಎಂಡಿಯವ್ರು ಅದಕ್ಕೂ ಮೊದ್ಲೇ ತಂದಿದ್ರು, 2011ರ ಸ್ಯಾಂಡಿ ಬ್ರಿಡ್ಜ್ ಬರೋದ್ರಾಗ ನಾರ್ತ್‌ಬ್ರಿಡ್ಜಿನ ಕಥಿ ಮುಗೀತು, ಈಗಿನ ಬೋರ್ಡು ನೋಡಿದ್ರ ಒಂದು ಪ್ರೊಸೆಸರ್, ಒಂದು ಚಿಪ್‌ಸೆಟ್, ಉಳಿದಿದ್ದೆಲ್ಲ ಅಲಂಕಾರದ ತಗಡು. ಕೆಲಸ ಜೋರು ಮಾಡ್ತಾವ ಖರೆ, ಕಲಿಸಂಗಿಲ್ಲ.

775 ಸಾಕೆಟ್ಟಿನ ಇನ್ನೊಂದು ಮಜಾ, 2004ರಾಗ ಇಂಟೆಲ್ ಪಿನ್ನುಗಳನ್ನ ಪ್ರೊಸೆಸರಿನಿಂದ ಕಿತ್ತು ಬೋರ್ಡಿಗೆ ಹಾಕಿದ್ದು ಇದ್ರಿಂದಾನೇ. 775 ಪಿನ್ನು, ಕೂದಲಿನಂಥವು, ಒಂದು ಬಾಗಿದ್ರ ಭೂತಕನ್ನಡಿ ಹಿಡ್ಕೊಂಡು ಸೂಜಿಲೆ ಎತ್ಬೇಕು. ಗುಜರಿ ಬೋರ್ಡಿನ ಮ್ಯಾಲ ಆ ಕೈ ಪಳಗಿಸಿಕೊಂಡ್ರ ಹೊಸಾ ಬೋರ್ಡಿನ ಮುಂದ ಕೈ ನಡುಗಂಗಿಲ್ಲ.

ನಮ್ಮ ಓಣಿ ತುದಿಗೆ ಒಬ್ರು ಚಾಚಾ ಅದಾರ, ಟಿವಿ ರೇಡಿಯೋ ರಿಪೇರಿ ಮಾಡ್ಕೊಂತ ಮುದುಕ ಆದವ್ರು. ಕಂಪ್ಯೂಟರ್ ಗೊತ್ತಿಲ್ಲ ನಂಗ ಅಂತಾರ, ಆದ್ರ ಕರೆಂಟಿನ ಭಾಷಾ ಅವ್ರಿಗೆ ಗೊತ್ತು. ಸತ್ತ ಬೋರ್ಡು ಒಂದು ಒಯ್ದು ತೋರಿಸಿದ್ರ ಪ್ರೊಸೆಸರ್ ಕಡೆ ನೋಡ್ಲೇ ಇಲ್ಲ, ಸೀದಾ ಸಾಕೆಟ್ಟಿನ ಸುತ್ತ ನಿಂತಿದ್ದ ಕೆಪಾಸಿಟರ್, ಅಂದ್ರ ಕರೆಂಟು ಹಿಡಿದಿಡೋ ಸಣ್ಣ ಡಬ್ಬಿಗಳ ತಲಿ ಮ್ಯಾಲ ಬೆರಳು ಆಡಿಸಿ "ಎ ದೇಖೋ, ಫೂಲ್ ಗಯಾ" ಅಂದ್ರು. ತಲಿ ಉಬ್ಬಿ ಗುಳ್ಳಿ ಬಂದಿತ್ತು, ಒಂದೆರಡರ ಮ್ಯಾಲ ಕಂದು ಬಣ್ಣದ ರಸ ಸೋರಿ ಒಣಗಿತ್ತು. 2000ದ ಆಚೀಚೆ ಕೆಟ್ಟ ರಸ ತುಂಬಿದ ಕೆಪಾಸಿಟರ್ ಜಗತ್ತಿನ ತುಂಬ ಬೋರ್ಡಿಗೆ ಬಿದ್ದು ಲಗಾಟಿ ಹೊಡಿಸಿದ್ದು ಒಂದು ದೊಡ್ಡ ಕಥಿನೇ ಅದ. ನಮ್ಮಲ್ಲಿ ಉಬ್ಬೋದಕ್ಕ ಇನ್ನೊಂದು ಕಾರಣ ಬಿಸಲು, ಅದನ್ನ ಮುಂದ ಹೇಳ್ತೀನಿ. ಮಲ್ಟಿಮೀಟರ್ ಹಿಡಿಯೋದು, ಸೋಲ್ಡ್ರಿಂಗ್ ಮಾಡೋದು ಎರಡೂ ಚಾಚಾ ಹತ್ರಾನೇ ಕಲ್ತಿದ್ದು. ಉಳಿದಿದ್ದು ರಾತ್ರಿ ಊಟ ಆದ ಮ್ಯಾಲ ಮೊಬೈಲಿನ್ಯಾಗ ಓದಿ ಕಲ್ತಿದ್ದು, ಬೋರ್ಡಿನ ಮ್ಯಾನುವಲ್ ಪಿಡಿಎಫ್ ಓದೋ ಚಟ ಹತ್ತಿದ್ದೂ ಅವಾಗೇ. ಯಾರೂ ಓದಂಗಿಲ್ಲ ಅದನ್ನ, ಅದ್ರಾಗ ಎಲ್ಲಾ ಬರ್ದಿರ್ತಾರ.

ಈಗ ಎಸ್‌ಎಂಪಿಎಸ್ ವಿಚಾರಕ್ಕ ಬರ್ತೀನಿ, ಅಂದ್ರ ಗ್ವಾಡಿ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸೋ ಡಬ್ಬಿ. ನಮ್ಮ ಕಡೆ ಕ್ಯಾಬಿನೆಟ್, ಅಂದ್ರ ಕಂಪ್ಯೂಟರಿನ ಹೊರಗಿನ ತಗಡಿನ ಪೆಟ್ಟಿಗಿ ತಗೊಂಡ್ರ ಒಳಗ ಎಸ್‌ಎಂಪಿಎಸ್ ಫ್ರೀ ಬರ್ತದ, "450 ವ್ಯಾಟ್" ಅಂತ ದೊಡ್ಡ ಅಕ್ಷರದಾಗ ಬರ್ದಿರ್ತದ, ಕೈಯಾಗ ಎತ್ತಿದ್ರ ಹಪ್ಪಳ ಎತ್ತಿದಷ್ಟೂ ತೂಕ ಇರಂಗಿಲ್ಲ. ಆ ದೊಡ್ಡ ಅಕ್ಷರ ಬಿಟ್ಟು ಸೈಡಿನ ಸಣ್ಣ ಕೋಷ್ಟಕ ಓದ್ರಿ. 12 ವೋಲ್ಟಿನ ಕೆಳಗ ಎಷ್ಟು ಆಂಪ್ಸ್ ಅದ? 16 ಅಂತ ಇದ್ರ 12 ಗುಣಿಸು 16, 192 ವ್ಯಾಟ್. ಪ್ರೊಸೆಸರು ಗ್ರಾಫಿಕ್ಸ್ ಕಾರ್ಡು ಎರಡೂ ತಿನ್ನೋದು 12 ವೋಲ್ಟಿನಿಂದಾನೇ, ಹಂಗಾಗಿ ನಿಮ್ಮ 450ರ ಅಸಲಿ ತಾಕತ್ತು 200ರ ಒಳಗ. ಚಲೋ ಕಂಪನಿ 450 ವ್ಯಾಟಿಂದು ನೋಡಿದ್ರ ಅದೇ ಕಾಲಮ್ಮಿನ್ಯಾಗ 36ರ ಆಸುಪಾಸು ಆಂಪ್ಸ್ ಇರ್ತದ. ಲೆಕ್ಕ ಬರಿಯೋ ನನಗ ಇದು ಭಾಳ ಸೇರ್ತು ನೋಡ್ರಿ, ಹಾರ್ಡ್‌ವೇರಿನ ಸುಳ್ಳು ಹಿಡಿಲಿಕ್ಕೆ ಗುಣಾಕಾರ ಬಂದ್ರ ಸಾಕು. 80 ಪ್ಲಸ್ ಅನ್ನೋ ಸರ್ಟಿಫಿಕೇಟು 2004ರಿಂದ ಅದ, ಅದ್ರ ಕೆಳಗಿನ ಮಟ್ಟ ಅಂದ್ರೂ ಲೋಡಿನ 20, 50, 100 ಪರ್ಸೆಂಟಿನ್ಯಾಗ ಗ್ವಾಡಿಯಿಂದ ಎಳ್ಕೊಂಡಿದ್ರಾಗ ನೂರಕ್ಕ 80 ಆದ್ರೂ ಕಂಪ್ಯೂಟರಿಗೆ ಮುಟ್ಟಿಸ್ಬೇಕು, ಉಳಿದಿದ್ದು ಶಾಖ ಆಗಿ ಹೋಗ್ತದ. ಫ್ರೀ ಡಬ್ಬಿ ಮ್ಯಾಲ ಅದು ಇರಂಗೇ ಇಲ್ಲ.

ಹಳೇ ಎಸ್‌ಎಂಪಿಎಸ್ ಜೀವಂತ ಅದಲೋ ಸತ್ತದಲೋ ನೋಡೋದು ಸರಳ. ಎಲ್ಲಾ ವೈರು ಬೋರ್ಡಿನಿಂದ ಬಿಚ್ಚಿ, 24 ಪಿನ್ ಕನೆಕ್ಟರಿನ್ಯಾಗ ಹಸರು ವೈರಿಗೂ ಯಾವುದಾರ ಒಂದು ಕಪ್ಪು ವೈರಿಗೂ ಪೇಪರ್ ಕ್ಲಿಪ್ ಬಾಗಿಸಿ ಹಾಕಿ ಸ್ವಿಚ್ ಒತ್ರಿ, ಫ್ಯಾನ್ ತಿರುಗ್ತದ. ಆಮ್ಯಾಲ ಮೀಟರ್ ಇಟ್ಟು ಹಳದಿ 12, ಕೆಂಪು 5, ಕಿತ್ತಳೆ 3.3 ಬರ್ತದಲೋ ನೋಡೋದು, 5 ಪರ್ಸೆಂಟ್ ಹೆಚ್ಚು ಕಮ್ಮಿ ನಡಿತದ. ಡಬ್ಬಿ ಮಾತ್ರ ಬಿಚ್ಚಬ್ಯಾಡ್ರಿ, ಒಳಗಿನ ದೊಡ್ಡ ಕೆಪಾಸಿಟರಿನ್ಯಾಗ 325 ವೋಲ್ಟ್ ಡಿಸಿ ಕುಂತಿರ್ತದ, ಪ್ಲಗ್ ಕಿತ್ತ ಮ್ಯಾಲೂ ಸ್ವಲ್ಪ ಹೊತ್ತು ಇರ್ತದ. ಹಿಂದ ಕೆಂಪು ಬಣ್ಣದ 115/230 ಸ್ವಿಚ್ ಇರೋ ಹಳೇ ಡಬ್ಬಿ ಇದ್ರ ಸಣ್ಣ ಹುಡುಗ್ರ ಕೈಗೆ ಸಿಗಲಾರದಂಗ ಟೇಪ್ ಹಚ್ರಿ, 115ಕ್ಕ ತಳ್ಳಿ ನಮ್ಮ ಕರೆಂಟು ಕೊಟ್ರ ಡಬ್ ಅಂತದ.

ಹೊರಗಿನವ್ರು ನಮಗ ಅಂತಾರ, ನಿಮ್ಗೇನ್ರಿ ಕರೆಂಟಿನ ಚಿಂತಿ, ಶಕ್ತಿನಗರದಾಗ 1720 ಮೆಗಾವ್ಯಾಟಿನ ಥರ್ಮಲ್ ಪ್ಲಾಂಟು, ಯರಮರಸದಾಗ 1600ರದ್ದು ಇನ್ನೊಂದು ಅಂತ. ಅಲ್ಲಿ ಹುಟ್ಟಿದ ಕರೆಂಟು ಗ್ರಿಡ್ಡಿಗೆ ಹೋಗ್ತದ ರೀ, ನಮ್ಮ ಮನಿಗೆ ಬರೋದು ಓಣಿ ಟ್ರಾನ್ಸ್‌ಫಾರ್ಮರಿನಿಂದ, ಮೇ ತಿಂಗಳ ರಾತ್ರಿ ಎಲ್ಲ ಮನ್ಯಾಗೂ ಕೂಲರು ಎಸಿ ಒಮ್ಮೆಲೆ ಚಾಲೂ ಆದ್ರ ಯಾವ ಪ್ಲಾಂಟ್ ಎಷ್ಟು ಹತ್ರ ಇದ್ರೇನು, ನನ್ನ ಮೀಟರಿನ್ಯಾಗ 230 ಇರಬೇಕಾದ್ದು 190ಕ್ಕ ಬಂದು ಕುಂತಿರ್ತದ. ಹಳೇ ತಂತಿ ಬಲ್ಬು ಇದ್ರ ವೋಲ್ಟೇಜ್ ಬಿದ್ದಾಗ ಮಬ್ಬಾಗಿ ಉರಿತದ, ಅಷ್ಟೇ. ಎಸ್‌ಎಂಪಿಎಸ್ ಹಂಗಲ್ಲ, ಒಳಗ ಕಂಪ್ಯೂಟರ್ 200 ವ್ಯಾಟ್ ಕೇಳಿದ್ರ ಅದು ಹೆಂಗಾರ ಮಾಡಿ 200 ಕೊಡ್ಲೇಬೇಕು, ವೋಲ್ಟೇಜ್ ಕಮ್ಮಿ ಆದ್ರ ಆಂಪ್ಸ್ ಹೆಚ್ಚಿಗೆ ಎಳಿತದ, ಆಂಪ್ಸ್ ಹೆಚ್ಚಾದ್ರ ಒಳಗ ಬಿಸಿ ಹೆಚ್ಚು. ಅಂದ್ರ ಊರು ಕಾದಿದ್ದಾಗೇ ಅದೂ ಕಾಯ್ತದ. ಆ್ಯಕ್ಟಿವ್ ಪಿಎಫ್‌ಸಿ ಅಂತ ಗ್ವಾಡಿಯಿಂದ ಕರೆಂಟನ್ನ ಒಂದೇ ಸಮ ಎಳಿಯೋ ಏರ್ಪಾಡು ಇರೋ ಚಲೋ ಡಬ್ಬಿ ಭಾಳಷ್ಟು 100ರಿಂದ 240ರ ತನ ತಡಕೊಳ್ಳಂಗ ಮಾಡಿರ್ತಾರ, ನಮಗ ಆ ಗುಣ ಬೇಕು. ಗೇಮ್ ಆಡೋ ಹುಡುಗ್ರಿಗೆ ನಾನು ಹೇಳೋದು, ಗ್ರಾಫಿಕ್ಸ್ ಕಾರ್ಡಿನ್ಯಾಗ ಒಂದು ಮಟ್ಟ ಇಳಿರಿ, ಎಸ್‌ಎಂಪಿಎಸ್‌ನ್ಯಾಗ ಒಂದು ಮಟ್ಟ ಏರ್ರಿ ಅಂತ. ಯಾರೂ ಕೇಳಂಗಿಲ್ಲ. ಬಣ್ಣ ಬಣ್ಣದ ಲೈಟಿನ ಫ್ಯಾನಿಗೆ ರೊಕ್ಕ ಇರ್ತದ ಅವ್ರ ಹತ್ರ.

ಅರ್ಥಿಂಗ್.

ಕ್ಯಾಬಿನೆಟ್ ಮುಟ್ಟಿದ್ರ ಕೈಗೆ ಜುಂ ಅಂತದ, ಬರಿಗಾಲಾಗ ಇದ್ರ ಇನ್ನಾ ಜಾಸ್ತಿ, ಮಾನಿಟರ್ ಕೇಬಲ್ ಹಾಕೋ ಮುಂದ ಚಿಟ್ ಅಂತ ಕಿಡಿ ಹಾರ್ತದ. ಎಷ್ಟು ಮನ್ಯಾಗ ನೋಡೀನಿ ಇದನ್ನ. ರಿಪೇರಿಗೆ ಕೊಟ್ರ "ಎಸ್‌ಎಂಪಿಎಸ್ ಲೀಕೇಜ್ ಅದ, ಬದಲಿ ಮಾಡ್ಬೇಕು" ಅಂತಾರ, ಬದಲಿ ಮಾಡಿದ್ರೂ ಜುಂ ಅನ್ನೋದು ಹೋಗಂಗಿಲ್ಲ. ಹೆಂಗ ಹೋಗ್ತದ? ಅದು ಎಸ್‌ಎಂಪಿಎಸ್ ಕೆಟ್ಟಿದ್ದಲ್ಲ, ಮಾಡಿದ್ದೇ ಹಂಗ. ಒಳಗ ಕರೆಂಟ್ ಬರೋ ಬಾಗಲ್ದಾಗ ಎರಡು ಸಣ್ಣ ಕೆಪಾಸಿಟರ್ ಇರ್ತಾವ, ಒಂದು ಫೇಸಿನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್ಲಿನಿಂದ ತಗಡಿಗೆ, ಸ್ವಿಚ್ಚಿಂಗಿನ ಗದ್ಲ ಹೊರಗ ಹೋಗಬಾರ್ದು ಅಂತ ಆ ಗದ್ಲನ ಅರ್ಥಿಗೆ ಇಳಿಸ್ಲಿಕ್ಕೆ ಹಾಕಿದ್ದು. ಅರ್ಥಿಂಗ್ ಸರಿ ಇದ್ರ ತಗಡು ಸೊನ್ನಿ ವೋಲ್ಟಿನ್ಯಾಗ ಸುಮ್ಕ ಇರ್ತದ. ಅರ್ಥಿಂಗ್ ಇಲ್ಲ ಅಂದ್ರ ತಗಡು ಆ ಎರಡು ಕೆಪಾಸಿಟರಿನ ನಡುವ ತೇಲ್ತದ, ಫೇಸಿಗೂ ನ್ಯೂಟ್ರಲ್ಲಿಗೂ ಬರೋಬರಿ ನಡುವ, ಅಂದ್ರ 115 ವೋಲ್ಟಿನ ಆಸುಪಾಸು. ಕರೆಂಟು ಮಿಲಿಆಂಪ್ಸಿಗಿಂತ ಕಮ್ಮಿ, ಹಂಗಾಗಿ ಮನಿಷಾಗ ಜುಂ ಅನಸ್ತದ ಅಷ್ಟೇ, ಆದ್ರ ಯುಎಸ್‌ಬಿ, ಎಚ್‌ಡಿಎಂಐ ಪೋರ್ಟಿಗೆ ಆ ಕಿಡಿ ಚಲೋ ಅಲ್ಲ. ಮತ್ತ ನಾಳೆ ಖರೆನೇ ಒಳಗ ಫೇಸ್ ವೈರು ತಗಡಿಗೆ ತಾಗಿತು ಅಂದ್ರ ಅವಾಗ ಜುಂ ಅನ್ನೋ ಮಾತಲ್ಲ ಅದು, ಜೀವದ ಮಾತು.

ಮೂರು ಪಿನ್ನಿನ ಪ್ಲಗ್ಗಿನ್ಯಾಗ ಮ್ಯಾಲಿನ ಪಿನ್ ಉದ್ದ, ದಪ್ಪ ಯಾಕಿರ್ತದ ಗೊತ್ತೇನ್ರಿ? ಹಾಕೋ ಮುಂದ ಅರ್ಥ್ ಮೊದ್ಲ ಕೂಡ್ಬೇಕು, ತೆಗೆಯೋ ಮುಂದ ಕಡೀಗೆ ಬಿಡ್ಬೇಕು ಅಂತ. ನಮ್ಮ ಮಂದಿ ಅದನ್ನೇ ಕತ್ತರಿಸಿ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ತುರುಕ್ತಾರ. ಇನ್ನ ಹಳೇ ಮನಿಗಳಾಗ ಸಾಕೆಟ್ಟಿಗೆ ಮೂರು ತೂತು ಇರ್ತಾವ, ಹಿಂದ ಹಸರು ವೈರೇ ಇರಂಗಿಲ್ಲ, ಇಲ್ಲಾ ವೈರು ಇರ್ತದ, ಹೊರಗ ಕುಣಿ ಒಣಗಿರ್ತದ. ಅರ್ಥಿಂಗ್ ಕುಣಿಗೆ ಇದ್ದಲು ಉಪ್ಪು ಹಾಕೋದು ಯಾಕಂದ್ರ ಅಲ್ಲಿ ಪಸಿ ಹಿಡಿದು ಇಟ್ಕೊಂಡು ನೆಲಕ್ಕ ಕರೆಂಟ್ ಸಲೀಸಾಗಿ ಇಳೀಲಿ ಅಂತ, ನಮ್ಮ ಊರ ಬ್ಯಾಸಿಗ್ಯಾಗ ಕುಣಿ ಒಣಗಿ ಬೂದಿ ಆಗಿರ್ತದ, ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿದ್ರ ಸಾಕು, ಅದನ್ನೂ ಯಾರೂ ಹಾಕಂಗಿಲ್ಲ. ನೋಡೋದು ಹೆಂಗ ಅಂದ್ರ ಮಲ್ಟಿಮೀಟರ್ ಎಸಿಗೆ ಇಟ್ಟು ಫೇಸಿಗೂ ಅರ್ಥಿಗೂ ಹಿಡಿದ್ರ ಫೇಸ್ ನ್ಯೂಟ್ರಲ್ ನಡುವ ಎಷ್ಟು ಬರ್ತದೋ ಹೆಚ್ಚು ಕಮ್ಮಿ ಅಷ್ಟೇ ಬರ್ಬೇಕು, ನ್ಯೂಟ್ರಲ್ಲಿಗೂ ಅರ್ಥಿಗೂ ಹಿಡಿದ್ರ ಒಂದೆರಡು ವೋಲ್ಟ್, ಭಾಳ ಆದ್ರ ನಾಕೈದು. ಅಲ್ಲಿ ಐವತ್ತು ಅರವತ್ತು ತೋರಿಸ್ತು ಅಂದ್ರ ಪ್ರೊಸೆಸರಿನ ಮಾತು ಅಲ್ಲೇ ನಿಲ್ಲಿಸಿ ಎಲೆಕ್ಟ್ರಿಷನ್‌ಗೆ ಫೋನ್ ಹಚ್ರಿ. ಕರೆಂಟಿನ ಕೆಲಸ ಗೊತ್ತಿಲ್ಲದವ್ರು ಮೀಟರಿನ ಕಡ್ಡಿ ತಗೊಂಡು ಸಾಕೆಟ್ಟಿನ್ಯಾಗ ಚುಚ್ಚಾಕ ಹೋಗಬ್ಯಾಡ್ರಿ ಮತ್ತ, ಅವ್ರೇ ನೋಡಿ ಹೇಳ್ತಾರ.

ಇನ್ವರ್ಟರ್ ವಿಚಾರ ಬೇಗ ಹೇಳಿ ಮುಗಿಸ್ತೀನಿ. ಕರೆಂಟ್ ಹೋದಾಗ ಫ್ಯಾನು ಟಿವಿ ನಡಿತಾವ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗ್ತದ ಅಂತ ಭಾಳ ಮಂದಿ ಅಂತಾರ. ಹಿಂದ ಹೋಗಿ ನೋಡ್ರಿ, ಭಾಳಷ್ಟು ಇನ್ವರ್ಟರಿಗೆ ಇಕೋ, ಯುಪಿಎಸ್ ಅಂತ ಒಂದು ಸಣ್ಣ ಸ್ವಿಚ್ ಇರ್ತದ. ಕರೆಂಟ್ ಹೋದ ಮ್ಯಾಲ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನ ಮ್ಯಾಲ ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿತದ, 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್, ಅಂದ್ರ ಒಂದು ಸುತ್ತು ಮುಗಿಯೋದ್ರೊಳಗ ಇನ್ವರ್ಟರ್ ಕೈ ಹಿಡಿಬೇಕು. ಯುಪಿಎಸ್ ಮೋಡಿನ್ಯಾಗ ಹಿಡಿತದ, ಇಕೋದಾಗ ನಿಧಾನ. ಮತ್ತ ಕರೆಂಟನ್ನ ಮೆಟ್ಲು ಮೆಟ್ಲಾಗಿ ಕೊಡೋ ಸ್ಕ್ವೇರ್ ವೇವ್ ಇನ್ವರ್ಟರಿಗೆ ಪಿಎಫ್‌ಸಿ ಇರೋ ಎಸ್‌ಎಂಪಿಎಸ್ ಒಗ್ಗಂಗಿಲ್ಲ ಕೆಲವೊಮ್ಮೆ, ಗ್ವಾಡಿ ಕರೆಂಟಿನಂಗೇ ನುಣ್ಣಗ ಕೊಡೋ ಸೈನ್ ವೇವ್ ತಗೊಂಡ್ರ ತಲಿನೋವಿಲ್ಲ.

ಇನ್ನ ಬಿಸಲು. ಇದು ನನ್ನ ಪ್ರೀತಿ ವಿಷಯ, ಯಾಕಂದ್ರ ರಾಯಚೂರ ಬಿಟ್ಟು ಇದನ್ನ ಇಷ್ಟು ಚಂದಾಗಿ ಕಲಿಸೋ ಊರು ಭಾಳ ಇಲ್ಲ. ಪ್ರೊಸೆಸರ್ ತಂಪು ಮಾಡೋ ಕೂಲರಿನ ರಿವ್ಯೂದಾಗ "ಫುಲ್ ಲೋಡ್ 65 ಡಿಗ್ರಿ" ಅಂತ ತೋರಸ್ತಾರಲ್ಲ, ಅವ್ರ ರೂಮು 22, 25 ಡಿಗ್ರಿ. ಗಾಳಿಯಿಂದ ತಂಪು ಮಾಡೋ ಯಾವ ಕೂಲರೂ ರೂಮಿನ ಗಾಳಿಗಿಂತ ಕೆಳಗ ಇಳಿಸಂಗಿಲ್ಲ, ಅದು ಮಾಡೋದು ಏನಂದ್ರ ಪ್ರೊಸೆಸರನ್ನ ರೂಮಿಗಿಂತ ಇಷ್ಟು ಡಿಗ್ರಿ ಮ್ಯಾಲ ಹಿಡಿದು ಇಡೋದು. 25ರ ರೂಮಿನ್ಯಾಗ 65 ಅಂದ್ರ ಅಂತರ 40. ಈಗ ಆ ಕೂಲರನ್ನೇ ತಂದು ಮೇ ತಿಂಗಳು ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಪತ್ರಾಸಿನ ರೂಮಿನ್ಯಾಗ ಇಡ್ರಿ, ರೂಮೇ 42, ಅದಕ್ಕ 40 ಕೂಡಿಸ್ರಿ, 82. ಲೆಕ್ಕ ಅಷ್ಟೇ ಸೀದಾ ಅದ, ಫ್ಯಾನ್ ಜೋರು ತಿರುಗಿದ್ರ ನಾಕೈದು ಡಿಗ್ರಿ ಕಮ್ಮಿ ಆಗಬೋದು. ಅವ್ರ 75 ಡಿಗ್ರಿ ನಮ್ಮ 92, ರೈಜನ್ 5600ಜಿ 95ಕ್ಕ ತನ್ನ ವೇಗ ತಾನೇ ಇಳಿಸ್ಕೊಳ್ತದ, ಇಂಟೆಲ್ ಚಿಪ್ಪು ಭಾಳಷ್ಟು 100ರ ಹತ್ರ. ಹಂಗಾಗಿ ರಿವ್ಯೂ ನೋಡೋ ಮುಂದ ಅವ್ರ ರೂಮು ಎಷ್ಟು ಡಿಗ್ರಿ ಅಂತ ಹುಡುಕಿ, ನಮ್ಮ ರೂಮಿಂದು ಕೂಡಿಸಿ ಆಮ್ಯಾಲ ರೊಕ್ಕ ತೆಗೀರಿ. ನೀರಿನ ಕೂಲರ್ ಹಾಕಿದ್ರ ತಂಪಲ್ಲೇನಣ್ಣ ಅಂತಾರ ಹುಡುಗ್ರು. ನೀರು ಶಾಖನ ಆ ಕಡೆಯಿಂದ ಈ ಕಡೆ ಒಯ್ತದ ಅಷ್ಟೇ, ಕಡೀಗೆ ಅದೂ ಅದೇ 42 ಡಿಗ್ರಿ ಗಾಳಿಗೇ ಕೊಡ್ಬೇಕಲ್ಲ.

ಇನ್ನೊಂದು ಲೆಕ್ಕ, ಕೆಪಾಸಿಟರಿಂದು. ಅದ್ರ ಮೈ ಮ್ಯಾಲ 85 ಡಿಗ್ರಿ ಇಲ್ಲಾ 105 ಡಿಗ್ರಿ ಅಂತ ಬರ್ದಿರ್ತದ, ಉದಾಹರಣೆಗೆ 105 ಡಿಗ್ರಿಯಾಗ 2000 ತಾಸು. ಹತ್ತು ಡಿಗ್ರಿ ಕಮ್ಮಿ ಆದ್ರ ಆಯುಷ್ಯ ದುಪ್ಪಟ್ಟು, ಹತ್ತು ಹೆಚ್ಚಾದ್ರ ಅರ್ಧ. ಈಗ ಹೇಳ್ರಿ, ಅವ್ರ 25 ಡಿಗ್ರಿ ಊರಿನ್ಯಾಗ ಎಂಟು ವರ್ಷ ಬಾಳೋ ಎಸ್‌ಎಂಪಿಎಸ್ ನಮ್ಮ ಬ್ಯಾಸಿಗ್ಯಾಗ ಅಷ್ಟೇ ಬಾಳ್ತದ ಏನು? ನಾನು 105 ಡಿಗ್ರಿ ಕೆಪಾಸಿಟರ್ ಅದಾವಲೋ ನೋಡಿ ಎಸ್‌ಎಂಪಿಎಸ್ ತಗೊಳ್ಳೋದು ಇದಕ್ಕೇ, ಚಾಚಾ ಉಬ್ಬಿದವನ್ನ ಕಿತ್ತಿ ಹೊಸಾವು ಹಾಕೋ ಮುಂದ 85ರದ್ದು ಕೊಟ್ರ ವಾಪಸ್ ಕಳಸೋದೂ ಇದಕ್ಕೇ.

ಥರ್ಮಲ್ ಪೇಸ್ಟ್ ಬಗ್ಗೆ ದೊಡ್ಡ ದೊಡ್ಡ ಜಗಳ ಅದಾವ, ಕಡಲಿಕಾಳಿನಷ್ಟು ಹಾಕ್ಬೇಕೋ ಗೆರಿ ಎಳಿಬೇಕೋ ಅಂತ. ಕಡಲಿಕಾಳಿನಷ್ಟು ಸಾಕು. ಎರಡು ಲೋಹ ನುಣ್ಣಗ ಕಂಡ್ರೂ ನಡುವ ಸಂದಿ ಇರ್ತಾವ, ಸಂದ್ಯಾಗ ಗಾಳಿ, ಗಾಳಿ ಶಾಖ ದಾಟಿಸಂಗಿಲ್ಲ, ಆ ಸಂದಿ ತುಂಬೋದಷ್ಟೇ ಪೇಸ್ಟಿನ ಕೆಲಸ. ಗುಜರಿ ಡಬ್ಬಿ ಬಿಚ್ಚಿದ್ರ ಪೇಸ್ಟು ಸುಣ್ಣದ ಹಕ್ಕಳಿ ಆಗಿರ್ತದ, ಅದನ್ನ ಒರೆಸಿ ಹೊಸಾದು ಹಚ್ಚಿ, ಕೂಲರಿನ ರೆಕ್ಕಿ ನಡುವಿನ ಧೂಳು ತೆಗೆದ್ರ ಅಷ್ಟಕ್ಕೇ ಹತ್ತು ಹದಿನೈದು ಡಿಗ್ರಿ ಇಳಿದಿದ್ದು ಭಾಳ ಸಲ ನೋಡೀನಿ. ಹತ್ತಿ ಸೀಜನ್ನಿನ್ಯಾಗ ಜಿನ್ನಿಂಗ್ ಮಿಲ್ಲಿನ ಕಡೆ ಅಂಗಡಿ ಇದ್ದವ್ರ ಕಂಪ್ಯೂಟರ್ ಬಿಚ್ಚಿದ್ರ ಕೂಲರಿನ ಮ್ಯಾಲ ಒಂದು ತೆಳ್ಳನ ಕೌದಿನೇ ಹೊದಿಸಿದಂಗ ಇರ್ತದ, ಗಾಳಿ ಹೋಗೋದೆಲ್ಲಿಂದ. ರೈಸ್ ಮಿಲ್ಲಿನವ್ರದ್ದು ತೌಡಿನ ಧೂಳು, ಅದು ಎಣ್ಣಿ ಅಂಶದ್ದು, ಬ್ಲೋವರಿಗೆ ಹಾರಂಗಿಲ್ಲ, ಬ್ರಷ್ ಹಾಕಿ ತಿಕ್ಬೇಕು. ಬ್ಲೋವರ್ ಹೊಡಿಯೋ ಮುಂದ ಫ್ಯಾನಿನ ರೆಕ್ಕಿನ ಬೆರಳಿಲೆ ಒತ್ತಿ ಹಿಡಿರಿ, ಬಿಟ್ರ ಗಿರಗಿರ ತಿರುಗಿ ಬೇರಿಂಗ್ ಹಾಳಾಗ್ತದ. ಏರ್ ಕೂಲರ್ ಮುಂದ ಸಿಪಿಯು ಇಡೋರೂ ಅದಾರ, ತಂಪಾಗ್ಲಿ ಅಂತ. ತಂಪೇನೋ ಆಗ್ತದ, ಆದ್ರ ಹಸಿ ಗಾಳಿಗೆ ಧೂಳು ಕೆಸರಾಗಿ ಮೆತ್ತಿಕೊಳ್ತದ, ಪಕ್ಕದ ಮೂಲ್ಯಾಗ ಇಡ್ರಿ.

ಹೊಸಾ ಪಿಸಿ ಜೋಡಸೋದು ಅಂದ್ರ ಮಂದಿ ಏನೋ ದೊಡ್ಡದು ಅನ್ಕೊಂಡಾರ. ಖರೆ ಹೇಳ್ಬೇಕಂದ್ರ ಅದು ಇದ್ರಾಗಿನ ಸರಳ ಭಾಗ. ಪ್ರೊಸೆಸರಿನ ಮೂಲಿ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕ ಕೂಡಿಸು, ಸನ್ನಿ ಕೆಳಗಿಳಿಸು, ರ್‍ಯಾಮಿನ ಕಚ್ಚು ನೋಡಿ ಟಕ್ ಅನ್ನೋ ತನ ಒತ್ತು, ಕೂಲರ್ ಸ್ಕ್ರೂ ಎದುರು ಬದುರು ಸ್ವಲ್ಪ ಸ್ವಲ್ಪ ಬಿಗಿ, ಆತು. ಕ್ಯಾಬಿನೆಟ್ಟಿಗೆ ಹಾಕೋ ಮುಂಚೆ ಬೋರ್ಡನ್ನ ಅದ್ರ ಡಬ್ಬಿ ಮ್ಯಾಲೇ ಇಟ್ಟು, ಪವರ್ ಸ್ವಿಚ್ಚಿನ ಎರಡು ಪಿನ್ ಸ್ಕ್ರೂಡ್ರೈವರ್ ತುದಿಲೆ ಮುಟ್ಟಿಸಿ ಒಮ್ಮೆ ಚಾಲೂ ಮಾಡಿ ನೋಡೋದು ಚಲೋ, ಆಮ್ಯಾಲ ಎಲ್ಲಾ ಬಿಚ್ಚೋ ಕಷ್ಟ ಇರಂಗಿಲ್ಲ. ಮಂದಿ ಬಿಟ್ಟುಬಿಡೋದು ಎರಡು ವಿಷಯ. 16 ಜಿಬಿ ಬೇಕಾದ್ರ ಒಂದೇ ಪಟ್ಟಿ ಹಾಕಬ್ಯಾಡ್ರಿ, 8ರವು ಎರಡು ಹಾಕ್ರಿ, ನಾಕು ಸ್ಲಾಟ್ ಇದ್ರ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೇದು ನಾಕನೇದು, 5600ಜಿ ಅಂಥ ಚಿಪ್ಪಿಗೆ ಗ್ರಾಫಿಕ್ಸ್ ಒಳಗೇ ಇರೋದ್ರಿಂದ ಅದು ರ್‍ಯಾಮನ್ನೇ ತಿಂತದ, ಎರಡು ದಾರಿ ಸಿಕ್ರ ಆಟ ಓಡೋ ವೇಗದಾಗ ಭಾಳ ಫರಕು. ಇನ್ನೊಂದು, 3200ರ ರ್‍ಯಾಮ್ ತಂದು ಹಾಕಿದ್ರ ಅದು ತಾನಾಗೇ 3200ರಾಗ ಓಡ್ತದ ಅಂತ ಏನಿಲ್ಲ, ಭಾಳಷ್ಟು ಪಟ್ಟಿ 2133ರಾಗೋ 2400ರಾಗೋ ಕುಂತಿರ್ತಾವ, ಬಯಾಸ್ ಅನ್ನೋ ಬೋರ್ಡಿನ ಸೆಟ್ಟಿಂಗ್ ಪರದೆಗೆ ಹೋಗಿ ಎಕ್ಸ್‌ಎಂಪಿ ಅನ್ನೋ ವೇಗದ ಆಯ್ಕಿ ಆನ್ ಮಾಡ್ಬೇಕು. ರೊಕ್ಕ ಕೊಟ್ಟು ವರ್ಷಗಟ್ಲೆ ಕಮ್ಮಿ ವೇಗದಾಗ ಓಡಸ್ತಿರೋರು ಅದಾರ.

ಈಗ ಅಂತೂ ಕಲಿಯೋರಿಗೆ ಸುಗ್ಗಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು, ವಿಂಡೋಸ್ 11ಕ್ಕ ಟಿಪಿಎಂ 2.0 ಅನ್ನೋ ಭದ್ರತಾ ಏರ್ಪಾಡು ಬೇಕು, ಇಂಟೆಲ್ ಆದ್ರ ಎಂಟನೇ ಜನರೇಷನ್ನಿನಿಂದ ಮುಂದಿನದು ಬೇಕು. ಅದಕ್ಕಿಂತ ಹಿಂದಿನ ನಾಕು, ಆರು, ಏಳನೇ ಜನರೇಷನ್ನಿನ ಆಫೀಸ್ ಮಷಿನ್ನು ಚಲೋ ಇದ್ರೂ ಹೊರಗ ಬೀಳಾಕತ್ತಾವ. ಅದ್ರಾಗ ಒಂದು ತಂದು ಎಸ್‌ಎಸ್‌ಡಿ ಅನ್ನೋ ತಿರುಗಲಾರದ ಡಿಸ್ಕು ಹಾಕಿ, ವಿಂಡೋಸ್ ಬದ್ಲಿ ಲಿನಕ್ಸ್ ಹಾಕಿದ್ರ ಸಾಲಿ ಹುಡುಗ್ರಿಗೆ ಇನ್ನಾ ಐದಾರು ವರ್ಷ ನಡಿತದ. ತಿರುಗೋ ಹಾರ್ಡ್ ಡಿಸ್ಕ್ ಒಂದು ಫೈಲ್ ಹುಡುಕ್ಲಿಕ್ಕೆ ಹತ್ತು ಮಿಲಿಸೆಕೆಂಡ್ ತಗೊಂಡ್ರ ಎಸ್‌ಎಸ್‌ಡಿ ಅದ್ರ ನೂರನೇ ಒಂದು ಪಾಲು, ಹಳೇ ಮಷಿನ್ನಿಗೆ ಮೊದ್ಲ ಮಾಡೋ ಖರ್ಚು ಇದೇ.

ಸಾಮಾನು ತರಾಕ ನಮಗ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಸಿಕಂದರಾಬಾದ್ ಹತ್ರ. ಶಕ್ತಿನಗರದಾಗ ಕೃಷ್ಣಾ ದಾಟಿ ಮಕ್ತಲ್, ಮೆಹಬೂಬನಗರದ ಮ್ಯಾಲ ಹಾಸಿ ಬಸ್ಸಿಗೆ ಹೋದ್ರ ಮುಂಜಾನಿ ಹೋಗಿ ರಾತ್ರಿ ವಾಪಸ್. ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರ್, ಮಂದಿ ಬಾಯಾಗ ಸಿಟಿಸಿ, ಮಹಡಿ ಮ್ಯಾಲ ಮಹಡಿ ಬರೀ ಕಂಪ್ಯೂಟರ್ ಅಂಗಡಿನೇ. ಉರ್ದು ಮಿಶ್ರ ಹಿಂದಿ ನಮ್ಮ ರಾಯಚೂರಿನವ್ರಿಗೆ ಬರ್ತದ, ಚೌಕಾಸಿ ನಡಿತದ. ಮೊದ್ಲನೇ ಅಂಗಡ್ಯಾಗ ತಗೋಬ್ಯಾಡ್ರಿ, ನಾಕು ಕಡೆ ರೇಟ್ ಬರ್ಕೊಂಡು ಆಮ್ಯಾಲ ಕುಂದರ್ರಿ. ಹಳೇದು ತಗೊಳ್ಳೋದಾದ್ರ ಲಿನಕ್ಸಿನ ಪೆನ್ ಡ್ರೈವ್ ಒಂದು ಜೇಬಿನ್ಯಾಗ ಇರ್ಲಿ, ಅಂಗಡ್ಯಾಗೇ ಅದ್ರ ಮ್ಯಾಲ ಬೂಟ್ ಮಾಡಿ ರ್‍ಯಾಮು, ಡಿಸ್ಕಿನ ಆರೋಗ್ಯ, ಎಲ್ಲಾ ಯುಎಸ್‌ಬಿ ಪೋರ್ಟ್ ನೋಡ್ರಿ, ಡೋರ್ ಬಿಚ್ಚಿಸಿ ಕೆಪಾಸಿಟರಿನ ತಲಿ ಮ್ಯಾಲ ಬೆರಳು ಆಡಸ್ರಿ. ಹೊಸಾದಾದ್ರ ಬಿಲ್ಲಿನ ಮ್ಯಾಲ ಸೀರಿಯಲ್ ನಂಬರ್ ಬರಿಸ್ಕೊಳ್ರಿ, ವಾರಂಟಿಗೆ ಮತ್ತ ಅಷ್ಟು ದೂರ ಹೋಗೋ ಕಷ್ಟ ನಮ್ಗೇ. ಅಲ್ಲೇ ಜೋಡಿಸಿ ಕೊಡ್ತೀವಿ ಅಂತಾರ, ಬ್ಯಾಡ ಅನ್ರಿ, ಬಿಡಿ ಸಾಮಾನು ಡಬ್ಬಿ ಸಮೇತ ತಗೊಂಡು ಬರ್ರಿ. ಜೋಡಿಸಿದ್ದು ತಂದ್ರ ಭಾರದ ಕೂಲರು, ಗ್ರಾಫಿಕ್ಸ್ ಕಾರ್ಡು ಬಸ್ಸಿನ ಕುಲುಕಾಟಕ್ಕ ಬೋರ್ಡನ್ನ ಜಗ್ಗಿ ಸ್ಲಾಟ್ ಸೀಳ್ತಾವ. ಬೋರ್ಡು ಪ್ರೊಸೆಸರು ಮಡಿಲಾಗ, ಕ್ಯಾಬಿನೆಟ್ಟು ಕಂಡಕ್ಟರಿಗೆ ಲಗೇಜ್ ಟಿಕೆಟ್ ಕೊಟ್ಟು ಕಡೀ ಸೀಟಿನ ಕೆಳಗ.